ಸಂಜೆಯವರೆಗೆ ನಿಲ್ಲಬೇಕಾದ ಬಣ್ಣ

ಆ ದೊಡ್ಡ ಅಂಗಡಿಯ ಮೊದಲ ಮಹಡಿಗೆ ಹತ್ತಿ ಬಂದವರ ಕಣ್ಣಿಗೆ ಮೊದಲು ಬೀಳುವುದು ಮೇಕಪ್ ಕೌಂಟರು. ಅಲ್ಲಿ ನಿಲ್ಲುವವಳನ್ನು ಅಂಗಡಿಯವರೆಲ್ಲ ‘ಅತ್ತಿಗೆ’ ಎಂದೇ ಕರೆಯುತ್ತಿದ್ದರು. ಪಕ್ಕದ ಕೌಂಟರಿನಲ್ಲಿ ಸೆಂಟಿನ ಬಾಟಲಿ ಮಾರುವವಳು ಅವಳ ಗಂಡನ ತಂಗಿ. ಆ ನಾದಿನಿ ದಿನವಿಡೀ ‘ಅತ್ತಿಗೆ, ಅತ್ತಿಗೆ’ ಎಂದು ಕೂಗಿ ಕೂಗಿ, ಕೊನೆಗೆ ಬಾಗಿಲು ಕಾಯುವ ಮುದುಕನಿಗೂ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು.

ಅತ್ತಿಗೆಯದು ಹುಟ್ಟಾ ಎಣ್ಣೆ ಮುಖ. ಬೆಳಿಗ್ಗೆ ಹಚ್ಚಿದ ಬಣ್ಣ ಊಟದ ಹೊತ್ತಿಗೆ ಮೂಗಿನ ಪಕ್ಕದಲ್ಲಿ ಜಾರಿ ಕೂತಿರುತ್ತಿತ್ತು, ಹಣೆ ಮಿರಮಿರ ಅನ್ನುತ್ತಿತ್ತು. “ನಿನ್ನ ಹಣೆ ಮುಂದೆ ನಿಂತು ತಲೆ ಬಾಚ್ಕೋಬಹುದು ಕಣೇ” ಎಂದು ಗಂಡ ಛೇಡಿಸುತ್ತಿದ್ದ. ಅವನು ಅದೇ ಅಂಗಡಿಯ ನೆಲಮಾಳಿಗೆಯ ಗೋದಾಮಿನಲ್ಲಿ ಸರಕು ಕಟ್ಟುವವನು. ಆದರೆ ವರ್ಷಗಟ್ಟಲೆ ಆ ಮುಖದ ಜೊತೆ ಗುದ್ದಾಡಿ ಅವಳು ಅದನ್ನು ಪಳಗಿಸಿಕೊಂಡಿದ್ದಳು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ತೊಳೆಯುವುದು, ಉಜ್ಜದೆ ತೊಳೆಯುವುದು. ಎಣ್ಣೆ ಮುಖವೆಂದು ಕ್ರೀಮು ಬಿಡದೆ, ನೀರಿನಂಥ ತೆಳು ಕ್ರೀಮು ಹಚ್ಚಿ ಅದು ಒಳಗಿಳಿಯುವ ತನಕ ಕಾಯುವುದು. ಬಣ್ಣ ತೆಳ್ಳಗೆ, ಒದ್ದೆ ಸ್ಪಂಜಿನಲ್ಲಿ ತಟ್ಟಿ ತಟ್ಟಿ. ಮಧ್ಯಾಹ್ನ ಮಿಂಚು ಕಂಡರೆ ಮೊದಲು ಟಿಶ್ಯೂ ಒತ್ತಿ ಎಣ್ಣೆ ತೆಗೆದು, ಆಮೇಲೆ ಪೌಡರು. ಎಣ್ಣೆಯ ಮೇಲೆ ಪೌಡರು ಬಿತ್ತೋ, ಮುಖ ಸುಣ್ಣ ಎದ್ದ ಗೋಡೆಯಾಗುತ್ತದೆ. ಎಣ್ಣೆ ಮುಖದ ಗಿರಾಕಿಗಳು ಉಳಿದವರನ್ನು ದಾಟಿಕೊಂಡು ಅವಳ ಹತ್ತಿರವೇ ಬರುತ್ತಿದ್ದರು.

ಆಮೇಲೆ ಗಂಡ ಹೋದ. ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತ ಕೂತಿದ್ದವನು ಎದೆ ಹಿಡಿದುಕೊಂಡು ಹಾಗೇ ಒರಗಿದನಂತೆ. ಸುದ್ದಿ ಮೇಲೆ ಬಂದಾಗ ಅವಳು ಒಬ್ಬ ಹೆಂಗಸಿನ ಕೆನ್ನೆಗೆ ಪೌಡರು ಒತ್ತುತ್ತಿದ್ದಳು. ಒಂದು ಕೆನ್ನೆ ಮುಗಿದಿತ್ತು. ಇನ್ನೊಂದನ್ನೂ ಮುಗಿಸಿ, ಡಬ್ಬಿಯ ಮುಚ್ಚಳ ಹಾಕಿ ಕೆಳಗಿಳಿದಳು. ಅವಳು ಅಳಲಿಲ್ಲ. ಮನೆಗೆ ಬಂದವರು ಅವಳ ಮುಖ ನೋಡಿ ನೋಡಿ ಹೋದರು.

“ಒಂದ್ಸಲ ಅತ್ತುಬಿಡು ತಾಯಿ, ಹಗುರಾಗ್ತೀಯ” ಎಂದಳು ಅತ್ತೆ.

“ಬರ್ತಿಲ್ಲ ಅತ್ತೆ.”

“ನನ್ನ ಕಣ್ಣಲ್ಲೂ ಇನ್ನು ಮಿಕ್ಕಿಲ್ಲ ಬಿಡು” ಎಂದು ಮುದುಕಿ ಅವಳ ಪಕ್ಕದಲ್ಲೇ ಗೋಡೆಗೊರಗಿ ಕೂತಳು.

ಕೆಲಸಕ್ಕೆ ವಾಪಸು ಬಂದ ಮೇಲೆ ಅತ್ತಿಗೆಗೆ ತನ್ನ ಮುಖ ಮರದ್ದು ಅನ್ನಿಸತೊಡಗಿತು. ಗಿರಾಕಿಗೆ ನಗು ತೋರಿಸಿದರೆ ತುಟಿ ಅಗಲವಾಗುವುದು ತಿಳಿಯುತ್ತಿತ್ತು, ಅಷ್ಟೇ. ಒಂದು ದಿನ ಕೈ ತೊಳೆಯಲು ಹೋದವಳು ಮುಖಕ್ಕೂ ತಣ್ಣೀರು ಎರಚಿಕೊಂಡಳು. ಚರ್ಮ ಚುರ್ರೆಂದಿತು. ಅಷ್ಟು ಹೊತ್ತು ಅದು ಅವಳ ಮುಖವಾಯಿತು. ಅಲ್ಲಿಂದ ಅದೇ ರೂಢಿಯಾಯಿತು. ಗಿರಾಕಿ ಇಲ್ಲದಾಗೆಲ್ಲ ನಲ್ಲಿಯ ಹತ್ತಿರ ಹೋಗುವುದು, ಕೈ ತೊಳೆಯುವ ಸೋಪು ಹಾಕಿ ಗಸಗಸ ಉಜ್ಜುವುದು, ಮತ್ತೆ ಬಣ್ಣ ಬಳಿದುಕೊಳ್ಳುವುದು. ಬೇರೆಯವರಿಗೆ ಇದನ್ನೇ ಮಾಡಬೇಡಿ ಎಂದು ಬುದ್ಧಿ ಹೇಳುತ್ತಿದ್ದವಳು. ತೊಳೆದಷ್ಟೂ ಚರ್ಮ ಒಣಗಿ ಬಿಗಿಯುತ್ತಿತ್ತು, ಬಿಗಿದಷ್ಟೂ ಒಳಗಿನಿಂದ ಎಣ್ಣೆ ಒಸರುತ್ತಿತ್ತು.

ಮಹಡಿಯ ಉಸ್ತುವಾರಿ ನೋಡಿಕೊಳ್ಳುವ ಮೇಡಂ ಕೆಲವು ದಿನ ಕಂಡೂ ಕಾಣದಂತೆ ಇದ್ದಳು. ಒಂದು ಬುಧವಾರ ಕೌಂಟರಿನ ಪಕ್ಕಕ್ಕೆ ಬಂದು ನಿಂತಳು.

“ಬೇಜಾರು ಮಾಡ್ಕೋಬೇಡಿ ಅತ್ತಿಗೆ. ದಿನವಿಡೀ ನಿಲ್ಲೋ ಬಣ್ಣ ಅಂತ ಬೋರ್ಡು ನಿಮ್ಮ ತಲೆ ಮೇಲೇ ಇದೆ. ಕೆಳಗಡೆ ನೋಡಿದ್ರೆ ನಿಮ್ಮದೇ ಇಳೀತಾ ಇದೆ. ಕಂಪನಿಯವರು ಬಂದು ನನ್ನ ಬೆನ್ನು ಹತ್ತಿದ್ದಾರೆ.”

“ಸರಿ ಮಾಡ್ಕೋತೀನಿ ಮೇಡಂ.”

“ಗೋದಾಮಿಗೆ ಒಬ್ಬರು ಬೇಕು. ಆ ಜಾಗ ಇನ್ನೂ ಖಾಲೀನೇ ಇದೆ. ಶುಕ್ರವಾರ ಸಂಜೆ ಹಣೆಗೆ ಟಿಶ್ಯೂ ಒತ್ತಿ ನೋಡ್ತೀನಿ. ಒಣಗಿದ್ರೆ ಇಲ್ಲೇ ಇರಿ. ಇಲ್ದಿದ್ರೆ ನಿಮ್ಮನ್ನ ಕೆಳಗೆ ಕಳಿಸದೆ ನನಗೆ ಬೇರೆ ದಾರಿಯಿಲ್ಲ.”

ಆ ಜಾಗ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಗಂಡ ಹೋದ ದಿನದ ನಂತರ ಅತ್ತಿಗೆ ನೆಲಮಾಳಿಗೆಯ ಮೆಟ್ಟಿಲಿಗೆ ಕಾಲಿಟ್ಟಿರಲಿಲ್ಲ. ಸರಕಿನ ಲಿಫ್ಟಿನ ಬಾಗಿಲು ತೆರೆದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಅಲ್ಲಿ ಇಳಿದರೆ ಏನಾಗುತ್ತದೆಂದು ಅವಳಿಗೇ ತಿಳಿಯದು. ಇಳಿಯಲಾರೆ ಎಂಬುದೊಂದೇ ಗೊತ್ತು.

ಆವತ್ತು ಮನೆಗೆ ಹೋಗುವ ದಾರಿಯಲ್ಲಿ ನಾದಿನಿ ತರಾಟೆಗೆ ತೆಗೆದುಕೊಂಡಳು. “ಅತ್ತಿಗೆ, ನೀವು ಮುಖ ತೊಳೀತಿದ್ದೀರೋ, ತಳ ಹತ್ತಿದ ಪಾತ್ರೆ ತಿಕ್ಕುತಿದ್ದೀರೋ?”

“ಗೊತ್ತೇ ಆಗಲ್ಲ ಕಣೇ. ಕಾಲು ತಾನಾಗೇ ಹೋಗುತ್ತೆ.”

“ಇನ್ನು ಶುಕ್ರವಾರದವರೆಗೆ ಆ ಸೋಪು ಮುಟ್ಟಿದ್ರೆ ನನ್ನಾಣೆ. ಎರಡು ದಿನದಲ್ಲಿ ಪೂರ್ತಿ ಸರಿಹೋಗಲ್ಲ, ಆದ್ರೂ ಒಂದು ಸಂಜೆ ತಡೆಯುತ್ತೆ. ನಲ್ಲಿ ಕಡೆ ಹೊರಟ್ರೆ ಕೆಮ್ಮುತೀನಿ, ತಿರುಗಿ ಬಂದ್ಬಿಡಿ.”

ಗುರುವಾರವಿಡೀ ನಾದಿನಿ ಕೆಮ್ಮಿದಳು. ಕ್ಷಯ ಹಿಡಿದಿದೆಯೇನಮ್ಮ ಎಂದು ಒಬ್ಬ ಗಿರಾಕಿ ದೂರ ಸರಿದು ನಿಂತ. ಶುಕ್ರವಾರ ಬೆಳಿಗ್ಗೆ ಅತ್ತಿಗೆ ಎಲ್ಲವನ್ನೂ ಹಿಂದಿನಂತೆಯೇ ಮಾಡಿಕೊಂಡಳು. ಕ್ರೀಮು ಇಳಿಯುವ ತನಕ ಸುಮ್ಮನೆ ಕೂತಳು. ಬಣ್ಣ ತಟ್ಟಿದಳು, ಪೌಡರು ಒತ್ತಿದಳು. ಊಟದ ಹೊತ್ತಿಗೆ ಟಿಶ್ಯೂ ಒತ್ತಿದಾಗ ಮೂಗಿನ ಜಾಗದಲ್ಲಿ ಮಾತ್ರ ಸಣ್ಣ ಕಲೆ. ಹಣೆ ಒಣಗಿತ್ತು. ನಾದಿನಿ ಆ ಕಡೆಯಿಂದ ಹುಬ್ಬು ಹಾರಿಸಿದಳು.

ಊಟವಾದ ಮೇಲೆ ಕೆಳಗಿನಿಂದ ಪೌಡರ್ ಡಬ್ಬಿಗಳ ಒಂದು ಪೆಟ್ಟಿಗೆ ಬಂತು. ಹಳೆಯ ದಾಸ್ತಾನು. ಅತ್ತಿಗೆ ಬಿಚ್ಚಲು ಬಗ್ಗಿದಳು. ಪೆಟ್ಟಿಗೆಗೆ ಹಾಕಿದ ಟೇಪಿನ ಕೊನೆಯನ್ನು ಬೆರಳಗಲ ಒಳಕ್ಕೆ ಮಡಚಲಾಗಿತ್ತು. ಬಿಚ್ಚುವವರು ಉಗುರಿನಲ್ಲಿ ಕೆರೆಯದೆ ಹಿಡಿದು ಎಳೆಯಲಿ ಎಂದು ಹಾಗೆ ಮಡಚುವವನು ಆ ಗೋದಾಮಿನಲ್ಲಿ ಒಬ್ಬನೇ ಇದ್ದದ್ದು. ಹೆಂಡತಿಯ ಉಗುರಿನ ಬಣ್ಣ ಏಳಬಾರದೆಂದು ಶುರು ಮಾಡಿದ್ದು, ಆಮೇಲೆ ಎಲ್ಲ ಪೆಟ್ಟಿಗೆಗೂ ಅದೇ ಮಾಡುತ್ತಿದ್ದ.

ಅವಳು ಮಡಿಕೆ ಹಿಡಿದು ಎಳೆದಳು. ಟೇಪು ಒಂದೇ ಎಳೆತಕ್ಕೆ ಬಂತು. ಡಬ್ಬಿಗಳನ್ನೆಲ್ಲ ಸಾಲಾಗಿ ಜೋಡಿಸಿದಳು. ಆಮೇಲೆ ನಲ್ಲಿಯ ಕಡೆ ನಡೆದಳು. ನಾದಿನಿ ಕೆಮ್ಮಿದಳು, ಇನ್ನೊಮ್ಮೆ ಜೋರಾಗಿ ಕೆಮ್ಮಿದಳು. ಅತ್ತಿಗೆಗೆ ಅದು ಯಾರದೋ ಕೆಮ್ಮಿನಂತೆ ಕೇಳಿಸಿತು. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದಳು. ನೀರು ತಣ್ಣಗಿತ್ತು. ಈ ಸಲ ಅದೂ ಏನೂ ಅನ್ನಿಸಲಿಲ್ಲ.

ಸಂಜೆ ಮೇಡಂ ಟಿಶ್ಯೂ ಒತ್ತಿ ಬೆಳಕಿಗೆ ಹಿಡಿದಳು. ಎಣ್ಣೆ ಹೀರಿದ ಕಾಗದದ ಆ ಕಡೆಯ ದೀಪ ಕಾಣುತ್ತಿತ್ತು. ಮೇಡಮ್ಮಿನ ಮುಖವೇ ಸಪ್ಪಗಾಯಿತು.

“ಸೋಮವಾರದಿಂದ...” ಎಂದು ಶುರು ಮಾಡಿ ನಿಂತಳು.

ಅತ್ತಿಗೆ ಸರಿಯೆಂದು ತಲೆಯಾಡಿಸಿದಳು. ಕೈಗಳು ಕೌಂಟರಿನ ಅಂಚನ್ನು ಹಿಡಿದುಕೊಂಡಿದ್ದವು.

“ಕೆಳಗೆ ನಾನು ಹೋಗ್ತೀನಿ ಮೇಡಂ” ಎಂದಳು ನಾದಿನಿ.

“ನಿನಗೇನಮ್ಮ ಬಂತು? ನಿನ್ನ ಬಣ್ಣ ಸಂಜೆಗೂ ಅಲ್ಲಾಡಲ್ಲ. ನಿನ್ನನ್ನ ಕೆಳಗೆ ಹಾಕಿದ್ರೆ ಕಂಪನಿಯವರು ನನ್ನನ್ನೇ ಕೆಳಗೆ ಹಾಕ್ತಾರೆ.”

“ಅತ್ತಿಗೆ ಸೆಂಟು ಮಾರಲಿ. ಬಾಟಲಿ ಮೂಸೋರು ಯಾರೂ ಹಣೆ ನೋಡಲ್ಲ. ಇಲ್ಲಿಗೆ ಯಾರನ್ನಾದ್ರೂ ಹಾಕ್ಕೊಳಿ.”

“ಅವರಿಗೋಸ್ಕರ ನೀನು ಯಾಕೆ ಧೂಳಲ್ಲಿ...”

“ಅವರಿಗೋಸ್ಕರ ಅಲ್ಲ.” ನಾದಿನಿಯ ದನಿ ಸಣ್ಣದಾಯಿತು. “ಎರಡು ತಿಂಗಳಿಂದ ಅಲ್ಲಿಗೆ ಹೋಗೋಕೆ ಏನಾದ್ರೂ ನೆಪ ಸಿಗುತ್ತಾ ಅಂತ ನೋಡ್ತಿದ್ದೀನಿ. ಇವರು ಆ ಮೆಟ್ಟಿಲು ಕಂಡ್ರೆ ಬೆನ್ನು ತಿರುಗಿಸ್ತಾರೆ. ನಾನು ಊಟದ ಹೊತ್ತಲ್ಲಿ ಅದೇ ಮೆಟ್ಟಿಲ ಮೇಲೆ ಕೂತು ಬರ್ತೀನಿ. ನನಗೂ ಅವನು ಅಣ್ಣ ತಾನೇ.”

ಊಟದ ಹೊತ್ತಿನಲ್ಲಿ ನಾದಿನಿ ಎಲ್ಲಿಗೆ ಹೋಗುತ್ತಾಳೆ ಎಂದು ಅತ್ತಿಗೆ ಒಮ್ಮೆಯೂ ಕೇಳಿರಲಿಲ್ಲ. ಮೇಡಂ ಇಬ್ಬರನ್ನೂ ನೋಡಿದಳು, ಟಿಶ್ಯೂ ಮುದುರಿ ಜೇಬಿಗೆ ಹಾಕಿಕೊಂಡಳು.

“ಹಾಗೇ ಮಾಡಿ. ಮೇಲಿನವರ ಹತ್ತಿರ ನಾನು ಮಾತಾಡ್ತೀನಿ.”

ಸೋಮವಾರ ನಾದಿನಿ ಬರಿ ಮುಖದಲ್ಲಿ, ತಲೆಗೊಂದು ಬಟ್ಟೆ ಕಟ್ಟಿಕೊಂಡು ಕೆಳಗಿಳಿದಳು. ಅತ್ತಿಗೆ ಸೆಂಟಿನ ಬಾಟಲಿಗಳ ನಡುವೆ ನಿಂತಳು. ವಾಸನೆಗಳು ಒಂದರ ಮೇಲೊಂದು ಬಂದು ಹೋದವು. ಯಾವುದು ಯಾವುದೆಂದು ಅವಳಿಗೆ ತಿಳಿಯಲಿಲ್ಲ. ಗಿರಾಕಿಗಳೇ ಮೂಸಿ ಆರಿಸಿಕೊಂಡರು.

ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಬಸ್ಸಿಗೆ ಕಾದು ನಿಂತರು. ನಾದಿನಿಯ ರೆಪ್ಪೆಯ ಮೇಲೆಲ್ಲ ರಟ್ಟಿನ ಧೂಳು. ಸೀನಿದಳು, ಮೂಗು ಒರೆಸಿಕೊಂಡಳು. ಅತ್ತಿಗೆ ಕೇಳಿದಳು:

“ಅಲ್ಲಿ ಕೂರೋಕೆ ಏನಿದೆ?”

“ಒಂದು ಸ್ಟೂಲಿದೆ.”

“ಗಾಳಿ ಬರುತ್ತಾ?”

“ಮೇಲೆ ಒಂದು ಸಣ್ಣ ಕಿಟಕಿ ಇದೆ. ರಸ್ತೇಲಿ ಹೋಗೋರ ಕಾಲು ಮಾತ್ರ ಕಾಣುತ್ತೆ.”

ಅತ್ತಿಗೆ ರಸ್ತೆಯಲ್ಲಿ ಹೋಗುವವರ ಕಾಲುಗಳನ್ನು ನೋಡಿದಳು. ಬಸ್ಸು ಬಂದಾಗ ನಾದಿನಿ ಮೊದಲು ಹತ್ತಿ, ಅವಳಿಗೆ ಕೈಕೊಟ್ಟಳು.