ಠೂ ಬಿಟ್ಟ ಬೆರಳು

ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಎಷ್ಟು ಆಳವೆಂದರೆ, ಅಜ್ಜ ಕೈಜಾರಿ ಬೀಳಿಸಿದ ವಡೆ ತಳ ಮುಟ್ಟಿದ ಸದ್ದನ್ನು ಮೊಮ್ಮಗ ಕೇಳಬೇಕು. ಆ ಗಣಿ ಮುಚ್ಚಿ, ನೀರು ತುಂಬಿ ಇಪ್ಪತ್ತು ವರ್ಷದ ಮೇಲಾಯಿತು. ಅದರ ನೆತ್ತಿಯ ಮೇಲೆ ಗಣಿ ಕೆಲಸದವರ ಸಾಲುಮನೆಗಳ ಹಳೇ ಲೈನಿದೆ. ಆ ಲೈನಿನ ಒಂದು ತಗಡಿನ ಮನೆಯಲ್ಲಿ ರಾಧಾಮಣಿಯ ಅಂಗನವಾಡಿ ನಡೆಯುತ್ತದೆ. ಅವಳು ಹುಟ್ಟಿ ಬೆಳೆದದ್ದೂ ಅದೇ ಮನೆಯಲ್ಲಿ. ನೆಲದ ಸಿಮೆಂಟು ನಟ್ಟನಡುವೆ ಸೀಳಿದೆ. ಎಷ್ಟು ಸಲ ಮೆತ್ತಿದರೂ ಒಂದು ಬೆರಳು ತೂರುವಷ್ಟು ಬಾಯಿ ತೆರೆದೇ ಇರುತ್ತದೆ.

ಗೋಡೆಯ ಮೇಲೆ ಸರ್ಕಾರದ ಚಾರ್ಟು: ಕೈ ತೊಳೆ, ಹಂಚಿ ತಿನ್ನು, ಸುಳ್ಳು ಹೇಳಬೇಡ. ಅದರ ಕೆಳಗೆ ರಾಧಾಮಣಿ ಸೀಮೆಸುಣ್ಣದಲ್ಲಿ ಬರೆದ ಇನ್ನೊಂದು ಸಾಲು: ಠೂ ಬಿಟ್ಟುಕೊಂಡು ಯಾರನ್ನೂ ಹೊರಗೆ ಕಳಿಸಬೇಡ. ತಪಾಸಣೆಗೆ ಬಂದ ಮೇಡಂ "ಇದು ಯಾವ ಸುತ್ತೋಲೆಯಲ್ಲಿದೆ?" ಎಂದು ಎರಡು ಸಲ ಅಳಿಸಿದರು. ಎರಡು ಸಲವೂ ಅಕ್ಷರ ಇನ್ನಷ್ಟು ದಪ್ಪವಾಗಿ ಮೂಡಿತು.

ಅವಳು ಆ ಪಾಠ ಕಲಿತದ್ದು ಐದನೇ ವಯಸ್ಸಿನಲ್ಲಿ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಗಿಳಿಯೊಂದನ್ನು ತಿನ್ನದೆ ಎತ್ತಿಟ್ಟಿದ್ದಳು. ಪಾಳಿಗೆ ಹೊರಟ ಅಪ್ಪ ಮುನಿಸ್ವಾಮಪ್ಪ ತಮಾಷೆಗೆಂದು ಅದರ ತಲೆ ಕಚ್ಚಿಬಿಟ್ಟ. ಅವಳು ಕಿರುಬೆರಳು ತೋರಿಸಿ ಠೂ ಬಿಟ್ಟಳು. "ರಾಜಿ ಆಗೋಣ ಬಾಮ್ಮಾ," ಎಂದು ಅವನು ತೋರುಬೆರಳನ್ನು ಕೊಕ್ಕೆ ಮಾಡಿ ಚಾಚಿದ. ಬೆರಳಿಗೆ ಬೆರಳು ಸಿಕ್ಕಿಸಿದರೆ ರಾಜಿ. ಅವಳು ಕೈಗಳೆರಡನ್ನೂ ಬೆನ್ನ ಹಿಂದೆ ಅಡಗಿಸಿದಳು.

ಮಧ್ಯಾಹ್ನ ಎರಡೂವರೆಗೆ ನೆಲ ಗುಡುಗಿತು. ಕೆಳಗೆಲ್ಲೋ ಬಂಡೆ ಸಿಡಿದಿತ್ತು. ಅಮ್ಮ ಗಣಿಯ ಬಾಯಿಗೆ ಓಡಿದಳು. ಉರುಳಿಬಿದ್ದ ಪಾತ್ರೆಗಳ ನಡುವೆ ಒಬ್ಬಳೇ ಕೂತಿದ್ದ ಹುಡುಗಿಗೆ ನೆಲದಡಿಯಿಂದ ಕೇಳಿಸಿತು: ಟಕ್, ಟಕ್, ಟಕ್. ಪಾಳಿ ಮುಗಿಸಿ ಬಂದ ಅಪ್ಪ ಬಾಗಿಲು ಬಡಿಯುವುದು ಹೀಗೆಯೇ. ಒಳಗಿಂದ ಅವಳೂ ಮೂರು ಬಡಿದರೆ ಮಾತ್ರ ಅವನು ಒಳಗೆ ಬರುವುದು. ಅದು ಇಬ್ಬರ ಆಟ. ಆದರೆ ಅವಳು ಠೂ ಬಿಟ್ಟಿದ್ದಳಲ್ಲ, ತುಟಿ ಬಿಗಿದು ಕೂತಳು. ಮತ್ತೆ ಮೂರು. ಇನ್ನೊಮ್ಮೆ ಮೂರು. ಆಮೇಲೆ ಸದ್ದಿಲ್ಲ. ಅಪ್ಪ ಮೇಲೆ ಬರಲೇ ಇಲ್ಲ.

ಮಾರನೆಯ ದಿನ ಎರಡೂವರೆಗೆ ಮತ್ತೆ ಟಕ್, ಟಕ್, ಟಕ್. ಅವಳು ಹಾರಿಬಿದ್ದು ಮೂರು ಬಡಿದಳು. ಅಂದಿನಿಂದ ದಿನವೂ ಅದೇ, ನಲವತ್ತೇಳು ವರ್ಷ. ಅವಳೊಬ್ಬಳಿಗೇ ಕೇಳುವ ಸದ್ದು. ಹೆಣ್ಣು ನೋಡಲು ಬಂದವರ ನಡುವಿನಿಂದ ಎದ್ದು ಹೋಗಿ ನೆಲ ಬಡಿದು ಬಂದದ್ದಕ್ಕೆ ಮೂರು ಸಂಬಂಧ ತಪ್ಪಿದವು. ಮೂರನೆಯವರಂತೂ ಉಪ್ಪಿಟ್ಟು ಬಿಟ್ಟು, ಚಪ್ಪಲಿಯನ್ನೂ ಬಿಟ್ಟು ಓಡಿದರು. ಬಡಿದು ಬಡಿದು ಅವಳ ಬೆರಳ ಗೆಣ್ಣು ಎಷ್ಟು ಗಟ್ಟಿಯಾಯಿತೆಂದರೆ, ಸಹಾಯಕಿ ಅಶ್ವತ್ಥಮ್ಮ ತೆಂಗಿನಕಾಯಿ ಒಡೆಯಲು ಮಚ್ಚು ಹುಡುಕುವುದನ್ನೇ ಬಿಟ್ಟಳು. ಇಷ್ಟು ಬಡಿದರೂ ಕೆಳಗಿನವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮಾರನೆಯ ದಿನ ಮತ್ತೆ ಕರೆ.

ಮೊನ್ನೆ ಸೋಮವಾರ ನಾಲ್ಕು ವರ್ಷದ ಕಲಾ ಮೂತಿ ಊದಿಸಿಕೊಂಡು ಬಂದಳು. ಅವಳ ಅಪ್ಪ ರಾಜ್‌ಕುಮಾರ್ ಮಗಳನ್ನು ಬಿಟ್ಟು, ಬೆಂಗಳೂರಿನ ಕೆಲಸಕ್ಕೆ ರೈಲು ಹಿಡಿಯಲು ಓಡಿದ್ದ.

"ಅಪ್ಪ ಬನ್ನಲ್ಲಿ ಜಾಮ್ ಇರೋ ಕಡೇನೇ ಕಚ್ಚವ್ನೆ ಮಿಸ್. ಠೂ ಬಿಟ್ಟಿವ್ನಿ."

ರಾಧಾಮಣಿಯ ಕೈಯಲ್ಲಿದ್ದ ಸೌಟು ನಿಂತಿತು. "ರಾಜಿ ಆಗ್ದೇನೇ ಓಗ್ಬಿಟ್ನಾ?"

"ಅಯ್ಯೋ, ಸಾಯಂಕಾಲ ಬತ್ತಾನೆ ಬಿಡಮ್ಮಾ," ಎಂದಳು ಅಶ್ವತ್ಥಮ್ಮ. "ಬೆಂಗ್ಳೂರಿಗೆ ತಾನೇ ಓಗವ್ನೆ, ಚಂದ್ರಲೋಕಕ್ಕಲ್ಲ."

"ನಮ್ಮಪ್ಪಾನೂ ಸಾಯಂಕಾಲಾನೇ ಬರ್ಬೇಕಾಗಿತ್ತು ಕಣಕ್ಕ."

ಮಕ್ಕಳನ್ನು ಅಶ್ವತ್ಥಮ್ಮನಿಗೆ ಒಪ್ಪಿಸಿ, ಕಲಾಳನ್ನು ಸೊಂಟಕ್ಕೇರಿಸಿ ಅವಳು ಸ್ಟೇಷನ್ನಿಗೆ ಬರುವಷ್ಟರಲ್ಲಿ ರೈಲಿನ ಬಾಲ ಕಾಣುತ್ತಿತ್ತು. ಆಟೊ ಹತ್ತಿದಳು. ಆಟೊ ಎಂಥಾ ಓಟ ಓಡಿತೆಂದರೆ ಅದರ ನೆರಳು ಅರ್ಧ ದಾರಿಯಲ್ಲೇ ಸುಸ್ತಾಗಿ ಕೂತು, ಆ ನೆರಳು ಬಂಗಾರಪೇಟೆ ತಲುಪುವಾಗ ಸಂಜೆಯಾಗಿತ್ತಂತೆ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲು ಇನ್ನೂ ನಿಂತಿತ್ತು. ಕಿಟಕಿಯ ಪಕ್ಕ ಕೂತಿದ್ದ ರಾಜ್‌ಕುಮಾರನ ಮುಖ ಬಿಳುಪೇರಿತು.

"ಏನಾಯ್ತು ಟೀಚರಮ್ಮಾ ಮಗೀಗೆ?"

"ಏನೂ ಆಗಿಲ್ಲ. ಠೂ ಬಿಟ್ಟವ್ಳೆ. ರಾಜಿ ಮಾಡ್ಕೊ."

ಬೋಗಿಯೇ ನಕ್ಕಿತು. "ಅಕ್ಕಾ, ನಮ್ಮನೆಯವ್ಳು ಎಂಟು ವರ್ಸದಿಂದ ಠೂ ಬಿಟ್ಟವ್ಳೆ, ಅವ್ಳನ್ನೂ ಒಂಚೂರು ಕರ್ಕೊಂಡ್ಬನ್ನಿ!" ಎಂದನೊಬ್ಬ.

ರಾಜ್‌ಕುಮಾರ್ ಕಿಟಕಿಯ ಸರಳಿನಿಂದ ಬೆರಳನ್ನು ಕೊಕ್ಕೆ ಮಾಡಿ ಚಾಚಿದ. ಕಲಾ ಕೈಗಳೆರಡನ್ನೂ ಬೆನ್ನ ಹಿಂದೆ ಅಡಗಿಸಿದಳು. ಅದನ್ನು ಕಂಡು ರಾಧಾಮಣಿಯ ಎದೆಯಲ್ಲಿ ಪಾತ್ರೆಗಳು ಉರುಳಿದವು. ರೈಲು ಕೂಗಿತು.

"ಕೊಡು ಬಂಗಾರಾ. ನಿನ್ ಕಾಲಿಗೆ ಬೀಳ್ತೀನಿ, ಕೊಡು."

ರೈಲು ಅಲುಗಿದ ಹೊತ್ತಿಗೆ ಕಲಾ ಬೆರಳು ಸಿಕ್ಕಿಸಿ, ತಕ್ಷಣ ಬಿಡಿಸಿಕೊಂಡಳು. "ನಾಳೆ ಜಾಮ್ ಇರೋ ಕಡೆ ನಂಗೇ!"

ಅಂಗನವಾಡಿಗೆ ಮರಳಿದಾಗ ಊಟ ಮುಗಿದು ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿದ್ದವು. ಎರಡೂವರೆಯಾಯಿತು. ಟಕ್, ಟಕ್, ಟಕ್. ರಾಧಾಮಣಿ ಗೆಣ್ಣು ಎತ್ತಿದಳು.

"ಯಾರು ಮಿಸ್, ಕೆಳಗಿಂದ ತಟ್ತಾವ್ರೆ?"

ಕಲಾ ಎದ್ದು ಕೂತಿದ್ದಳು. ರಾಧಾಮಣಿಯ ಕೈ ಗಾಳಿಯಲ್ಲೇ ನಿಂತಿತು. "ನಿಂಗೆ ಕೇಳ್ಸುತ್ತಾ?... ನಮ್ಮಪ್ಪ ಕಣೆ. ಠೂ ಬಿಟ್ಟಿದ್ದೆ."

"ನೀನೂ ತಟ್ಬಿಟ್ರೆ ರಾಜಿ ಎಂಗಾಯ್ತದೆ ಮಿಸ್? ಬೆರ್ಳು ಕೊಡ್ಬೇಕಲ್ವಾ?"

ನಲವತ್ತೇಳು ವರ್ಷದಲ್ಲಿ ಇದು ಅವಳಿಗೆ ಹೊಳೆದಿರಲಿಲ್ಲ. ಅವಳು ಬೋರಲು ಮಲಗಿ, ತೋರುಬೆರಳನ್ನು ಕೊಕ್ಕೆ ಮಾಡಿ ಸೀಳಿನೊಳಗೆ ಇಳಿಸಿದಳು. ಒಳಗೆ ಬಾವಿಯೊಳಗಿನಂಥ ತಣ್ಣಗಿನ ಗಾಳಿ. ಮಕ್ಕಳ ಉಸಿರು ಬಿಟ್ಟರೆ ಲೈನಿಗೆ ಲೈನೇ ನಿಶ್ಶಬ್ದ. ಎಷ್ಟೋ ಹೊತ್ತಾದ ಮೇಲೆ ಬೆರಳನ್ನು ಯಾರೋ ಮೆಲ್ಲಗೆ ಒಮ್ಮೆ ಎಳೆದು ಬಿಟ್ಟರು.

ಹೊರಗೆ ತೆಗೆದಾಗ ಬೆರಳ ತುದಿ ಸಕ್ಕರೆ ಮೆತ್ತಿದಂತೆ ಅಂಟಂಟಾಗಿತ್ತು. ಇರುವೆಯೊಂದು ಹತ್ತಿತು, ಅದರ ಹಿಂದೆ ಇನ್ನೊಂದು. ಅವಳು ಕೊಡವಲಿಲ್ಲ.

ಮಾರನೆಯ ದಿನ ಎರಡೂವರೆಗೆ ಗೆಣ್ಣು ಬಗ್ಗಿಸಿ ಸೀಳಿನ ಪಕ್ಕ ಕೂತಳು. ಮಕ್ಕಳು ಎದ್ದು, ನೀರು ಕುಡಿದು, ಮನೆಗೆ ಹೋದವು. ಕತ್ತಲಾಗುವವರೆಗೂ ಅವಳು ಕೈ ಇಳಿಸಲಿಲ್ಲ. ನೆಲ ಮಾತ್ರ ಅವಳನ್ನು ಏನೂ ಕೇಳಲಿಲ್ಲ.