ಪಾವಗಡದಲ್ಲಿ ನನಗಿಂತ ಮೊದಲು ಉಂಡವನು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಹೊತ್ತು ಹೋಗದವರು ಕಟ್ಟುವ ಕಥೆ ಎಂದೇ ನಂಬಿದ್ದೆ. ನೀವೂ ಹಾಗೆಯೇ ಅಂದುಕೊಂಡರೆ ನನ್ನ ತಕರಾರಿಲ್ಲ.

ಹೈಸ್ಕೂಲುಗಳಿಗೆ ಪ್ರಯೋಗಾಲಯದ ಸಾಮಾನು ಮಾರುವುದು ನನ್ನ ಕೆಲಸ. ಮನೆ ಮಂಡ್ಯದಲ್ಲಿ, ಹೆಂಡತಿ, ಅಮ್ಮ, ನಾನು. ಹೋದ ಊರಿನಲ್ಲೆಲ್ಲ ಒಳ್ಳೆಯ ಹೋಟೆಲು ಹುಡುಕಿ ಉಣ್ಣುವುದೊಂದು ಚಟ. ಏಳೆಂಟು ವರ್ಷದ ಹಿಂದೆ ಮೊದಲ ಸಲ ಪಾವಗಡದ ಸೀಮೆಗೆ ಹೋದೆ. ಮೊದಲ ದಿನ ಮಧ್ಯಾಹ್ನ ಶಿರಾದಲ್ಲಿ ಬಿರಿಯಾನಿ ತಿಂದೆ. ಮರುದಿನ ಪಾವಗಡ. ಆಮೇಲೆ ಮಧುಗಿರಿ, ಕೊರಟಗೆರೆ ಎಂದು ಇನ್ನೆರಡು ದಿನದ ಕೆಲಸವಿತ್ತು.

ಪಾವಗಡದ ಬಸ್ ನಿಲ್ದಾಣದ ಎದುರು ಹೆಂಗಸೊಬ್ಬರು ನಡೆಸುವ ಪುಟ್ಟ ಹೋಟೆಲಿತ್ತು. ಮಧ್ಯಾಹ್ನ ಹೋಗಿ ಕುಳಿತೆ. ಆಕೆ ಮುದ್ದೆ, ಹುರುಳಿ ಸಾರು ಬಡಿಸಿ, ಒಳಗೆ ತಿರುಗಿ “ಅಕ್ಕಾ, ಬೆಲ್ಲಂ ಉಂದಾ?” ಎಂದು ತೆಲುಗಿನಲ್ಲಿ ಬೆಲ್ಲ ಕೇಳಿ ಕೂಗಿದರು. ನಾನು ಬೆಚ್ಚಿದೆ. ಸಾರಿಗೆ ಬೆಲ್ಲ ನಂಜಿಕೊಳ್ಳುವುದು ಅಮ್ಮನಿಂದ ಬಂದ ಅಭ್ಯಾಸ. ನಾನಿನ್ನೂ ಬೆಲ್ಲ ಬೇಕೆಂದು ಕೇಳಿರಲಿಲ್ಲ.

“ನಿಮಗೆ ಹೆಂಗೆ ಗೊತ್ತು?” ಎಂದೆ.

“ನಿನ್ನೆ ಇದೇ ಜಾಗದಾಗೆ ಕುಂತು ಉಂಡ್ರಲ್ಲ ಸಾ. ಅಳ್ತಾ ಉಂಡ್ರಿ. ಅಮ್ಮಂಗೆ ಕಡೇಗಾಲಕ್ಕೆ ಒಂದ್ ತೊಟ್ಟು ನೀರು ಬುಡಕ್ಕಾಗ್ಲಿಲ್ಲ ಅಂದ್ರಿ.”

ಹಿಂದಿನ ದಿನ ಆ ಹೊತ್ತಿಗೆ ನಾನು ಶಿರಾದಲ್ಲಿದ್ದೆ. ಎದ್ದು ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿದೆ. “ನಂಗೇನಾಗಿದ್ದದು? ಅವರೆಕಾಯಿ ಸುಲೀತಾ ಇವ್ನಿ. ಉಂಡ್ಯಾ?” ಎಂದರು. ನಗಬೇಕೆನಿಸಿತು, ಆಗಲಿಲ್ಲ. ಮಧುಗಿರಿಯ ಶಾಲೆಗೆ ಬರಲಾಗುವುದಿಲ್ಲವೆಂದು ತಿಳಿಸಿ ಮನೆಗೆ ಹೋಗಲು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಪೆದ್ದತನಕ್ಕೆ ನಾನೇ ಬೈದುಕೊಂಡೆ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿದ ಲೋಟ ಇಡುತ್ತಲೇ ಅಮ್ಮ ಗೋಡೆಗೆ ಒರಗಿದರು. ಹೆಂಡತಿ ಆಟೋ ಕರೆಯಲು ಓಡಿದಳು. “ನೀರು ಕೊಡು ಮಗ” ಎಂದರು ಅಮ್ಮ. ಚಮಚೆಯಲ್ಲಿ ಬಿಟ್ಟೆ. ಎರಡು ಗುಟುಕು ಇಳಿಯಿತು. ಮೂರನೆಯದು ಕಟವಾಯಿಯಿಂದ ಹೊರಗೆ ಹರಿಯಿತು.

ಅಮ್ಮನ ಕಾರ್ಯಗಳೆಲ್ಲ ಮುಗಿದ ಮೇಲೆ, ಆಕೆಯನ್ನು ವಿಚಾರಿಸಲೆಂದೇ ಪಾವಗಡಕ್ಕೆ ಹೋದೆ. ಆಕೆ ಗುರುತು ಹಿಡಿದರು. “ನಾನು ಬರೋ ಹಿಂದಿನ ದಿನ ಅಳ್ತಾ ಉಂಡ್ರು ಅಂದ್ರಲ್ಲ, ಅವರು ಆಮೇಲೆ ಎಲ್ಲಿಗೆ ಹೋದರು?” ಎಂದು ಕೇಳಿದೆ.

ಆಕೆ ನನ್ನ ಮುಖವನ್ನೇ ನೋಡಿದರು. “ಅವ್ರು ಅಂದ್ರೆ? ನೀವೇ ತಾನೆ ಸಾ? ಅಗೋ, ಆ ಕಲ್ಲುಬೆಂಚಿನ ಮ್ಯಾಲೆ ಕುಂತೇ ಇದ್ರಿ. ಎಷ್ಟೊಂದ್ ಬಸ್ಸು ಬಂದ್ವು, ಹೋದ್ವು. ಒಂದೂ ಹತ್ತಲಿಲ್ಲ.”

ಆಕೆಗೆ ನನ್ನನ್ನು ಮೋಸಗೊಳಿಸಿ ಆಗಬೇಕಾದ್ದು ಏನೂ ಇರಲಿಲ್ಲ. ಯಾರನ್ನೋ ನಾನೆಂದು ತಿಳಿದರು ಎನ್ನೋಣವೆಂದರೆ ಬೆಲ್ಲದ ಮಾತು ಅಡ್ಡ ಬರುತ್ತದೆ. ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ನಾನು ಅಮ್ಮನ ಬಾಯಿಗೆ ನೀರು ಬಿಟ್ಟೆ. ಮಧುಗಿರಿಗೆ ಹೋಗಿದ್ದರೆ ಅದೂ ಆಗುತ್ತಿರಲಿಲ್ಲ. ನನಗಿಂತ ಮೊದಲು ಅಲ್ಲಿ ಉಂಡವನಿಗೆ ಅದು ಆಗಲಿಲ್ಲ. ಅವನು ಆ ಬೆಂಚಿನಿಂದ ಎದ್ದನೋ ಇಲ್ಲವೋ.