ತಾಯಿ ಚಿಟ್ಟೆ ಪರೀಕ್ಷೆ

ಮಾಗಡಿ ಕಡೆಯ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ ನನಗೆ ಕೆಲಸ. ರೈತರಿಗೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಜಾಗ ಅದು. ಮೊಟ್ಟೆ ಇಟ್ಟ ಹೆಣ್ಣು ಚಿಟ್ಟೆಯನ್ನು ಅರೆದು, ಒಂದು ತೊಟ್ಟು ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಪಾಲಿಗೆ ಬಂದದ್ದು. ಹುಳುಗಳನ್ನು ಕೊಲ್ಲುವ ಗಂಟುರೋಗದ ಅಣು ಕಂಡರೆ ಆ ತಾಯಿ ಇಟ್ಟ ಮೊಟ್ಟೆಯನ್ನೆಲ್ಲ ಸುಡಬೇಕು, ಯಾಕೆಂದರೆ ಆ ರೋಗ ತಾಯಿಯಿಂದ ಮೊಟ್ಟೆಗೆ ಬರುತ್ತದೆ. ಗಂಡು ಚಿಟ್ಟೆಯನ್ನು ಯಾರೂ ಅರೆಯುವುದಿಲ್ಲ. ಹನ್ನೆರಡು ವರ್ಷ ಈ ಕೆಲಸ ಮಾಡಿದರೂ ಇದರ ಬಗ್ಗೆ ನನಗೆ ಏನೂ ಅನ್ನಿಸಿರಲಿಲ್ಲ.

ಹೆಂಡತಿಗೆ ಐದು ತಿಂಗಳಾದಾಗ ರಾಮನಗರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರಮ್ಮ ಎರಡೆರಡು ಸಲ ಎಣಿಸಿ ನೋಡಿದರು. ಮಗುವಿನ ಎದೆ ನಿಮಿಷಕ್ಕೆ ನೂರ ನಲವತ್ತರ ಹತ್ತಿರ ಬಡಿಯಬೇಕು, ಐವತ್ತೈದೇ ಬಡಿಯುತ್ತಿದೆ ಎಂದರು. ಹೃದಯದ ಮೇಲಿನ ಕೋಣೆ ಹೇಳಿದ್ದು ಕೆಳಗಿನ ಕೋಣೆಗೆ ತಲುಪುತ್ತಿಲ್ಲವಂತೆ. ನಮ್ಮ ಆಫೀಸೂ ಹಾಗೇ ನಡೆಯುತ್ತದೆ, ಆದರೆ ಅಲ್ಲಿ ನಾನದನ್ನು ಹೇಳಲಿಲ್ಲ. ಬೆಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ನನ್ನ ಹೆಂಡತಿಯನ್ನು, ಕಣ್ಣು ಉರಿಯುತ್ತದಾ, ಬಾಯಿ ಒಣಗುತ್ತದಾ ಎಂದು ಕೇಳಿದರು.

"ನೀರಿಲ್ದೆ ಮುದ್ದೆ ನುಂಗಕ್ಕಾಗಲ್ಲ ಸಾರ್" ಎಂದಳು.

ತುತ್ತಿಗೊಂದು ಗುಟುಕು ನೀರು ಕುಡಿಯುವುದು ನೋಡಿ, ಮುದ್ದೆ ನುಂಗಲು ಬಾರದವಳು ಎಂದು ಮದುವೆಯಾದಾಗಿನಿಂದ ನಾವು ಅವಳನ್ನು ಆಡಿಕೊಳ್ಳುತ್ತಿದ್ದೆವು. ಡಾಕ್ಟರು ಅದನ್ನು ಬರೆದುಕೊಂಡು ಅವಳ ರಕ್ತ ತೆಗೆಸಿದರು.

ಮನೆಗೆ ಬಂದ ಮೇಲೆ ಅವ್ವ ಕೇಳಿದಳು, "ಮಗೀನ್ ಎದೆ ಕೆಟ್ಟೈತೆ ಅಂದ್ರೆ ಇವಳ್ ರಕ್ತ ಯಾಕ್ಲಾ ತಗುದ್ರು?"

ನನಗೆ ಗೊತ್ತಿರುವ ವಿಷಯವೆಂದು ಹುಮ್ಮಸ್ಸು ಬಂತು. "ನಮ್ ಕೋಠೀಲಿ ತಾಯಿ ಚಿಟ್ಟೆ ಅರ್ದು ನೋಡ್ತೀವಲ್ಲವ್ವ, ಹಂಗೇಯ" ಎಂದೆ. ಇದಕ್ಕಿಂತ ಸುಲಭವಾಗಿ ಯಾರೂ ಹೇಳಲಾರರು ಎಂದುಕೊಂಡೆ. ಅಕ್ಕಪಕ್ಕದವರು ಕೇಳಿದರೂ ಇದನ್ನೇ ಹೇಳಿದೆ.

ವಾರದ ಮೇಲೆ ರಿಪೋರ್ಟ್ ಬಂತು. ಅವರು ಹುಡುಕುತ್ತಿದ್ದದ್ದು ಅವಳ ರಕ್ತದಲ್ಲಿ ಇತ್ತು. ಇದು ರೋಗಾಣುವಲ್ಲ, ಆಂಟಿಬಾಡಿ ಎಂದರು ಡಾಕ್ಟರು. ಮೈ ಕಾಯಬೇಕಾದದ್ದು ದಾರಿ ತಪ್ಪಿ ತನ್ನ ಮೈಯನ್ನೇ ಶತ್ರು ಎಂದುಕೊಳ್ಳುತ್ತದೆ, ಅವಳ ಬಾಯಿ ಒಣಗುವುದೂ ಅದಕ್ಕೇ. ತಾಯಿಯಿಂದ ಮಗುವಿಗೂ ಹೋಗಿ, ಎದೆಬಡಿತವನ್ನು ಮೇಲಿನಿಂದ ಕೆಳಕ್ಕೆ ಸಾಗಿಸುವ ಎಳೆಯನ್ನು ಹಾಳು ಮಾಡುತ್ತದೆ. ಪೂರ್ತಿ ಹಾಳಾದ ಎಳೆ ಮತ್ತೆ ಸರಿಹೋಗುವುದಿಲ್ಲ. ಎಷ್ಟೋ ಸಲ ಇದು ತನ್ನಲ್ಲಿರುವುದು ತಾಯಿಗೇ ಗೊತ್ತಿರುವುದಿಲ್ಲ, ಅವಳ ತಪ್ಪು ಏನೂ ಇಲ್ಲ, ಯಾರಿಗೂ ಅಂಟುವುದಿಲ್ಲ. ಇಷ್ಟನ್ನೂ ನಾನು ಮನೆಯಲ್ಲಿ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ಅವರಿಗೆ ಚಿಟ್ಟೆ ಆಗಲೇ ಅರ್ಥವಾಗಿಬಿಟ್ಟಿತ್ತು. ಮೂರು ತಲೆಮಾರಿನಿಂದ ಹುಳು ಸಾಕಿದ ಮನೆ ನಮ್ಮದು. ಅವ್ವ ನನ್ನ ಹೆಂಡತಿಯ ಲೋಟ ಬೇರೆ ಇಟ್ಟಳು.

ಒಂದು ಸಂಜೆ ಹೆಂಡತಿ ಸೊಪ್ಪು ಬಿಡಿಸುತ್ತ ಕೇಳಿದಳು, "ತಾಯಿ ಚಿಟ್ಟೇಲಿ ರೋಗ ಸಿಕ್ರೆ ಮೊಟ್ಟೆ ಏನ್ ಮಾಡ್ತೀರಿ ನೀವು?"

"ಅದು ಬ್ಯಾರೆ ಕಣೆ."

"ಏನ್ ಮಾಡ್ತೀರಿ?"

"ಸುಡ್ತೀವಿ."

ಅವಳು ಸೊಪ್ಪು ಬಿಡಿಸಿ ಮುಗಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಊರಿಗೆಲ್ಲ ಆಡಿ ಮುಗಿಸಿದ್ದೆ.

ಒಂಬತ್ತು ತುಂಬುತ್ತಿದ್ದಂತೆ ಬೆಂಗಳೂರಿನಲ್ಲೇ ಸಿಸೇರಿಯನ್ ಮಾಡಿದರು. ಹೆಣ್ಣು ಮಗು. ಬಡಿತ ಐವತ್ತೆಂಟು. ಬಡಿತ ಕೊಡುವ ಪುಟ್ಟ ಯಂತ್ರ, ಪೇಸ್‌ಮೇಕರ್, ಇವತ್ತಲ್ಲ ನಾಳೆ ಕೂರಿಸಲೇಬೇಕು, ಅಷ್ಟರಲ್ಲಿ ಮಗು ತೂಕ ಹಿಡಿಯಬೇಕು, ತಾಯಿ ಹಾಲು ಕುಡಿಸಲಿ ಎಂದರು. ಹೆಂಡತಿ ಗೋಡೆ ಕಡೆ ತಿರುಗಿ ಮಲಗಿದಳು.

"ಪೌಡರ್ ಹಾಲು ಕೊಡಿ. ನನ್ನಿಂದ ಅದ್ಕೆ ಇನ್ನೊಸಿ ಹೋಗದ್ ಬ್ಯಾಡ" ಎಂದಳು.

ಹಾಲಿನಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಎರಡು ದಿನ ಹೇಳಿದರು. ಎರಡು ದಿನವೂ ಅವಳು ಮಗುವನ್ನು ಮುಟ್ಟಲಿಲ್ಲ. ಪೌಡರ್ ಹಾಲು ಮಗುವಿನ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ತೂಕ ಇಳಿಯಿತು. ಡಾಕ್ಟರ ಮಾತು ಅವಳಿಗೆ ನಾಟದಿರುವುದಕ್ಕೆ ಕಾರಣ ನಾನೇ ಎಂದು ನನಗೆ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಅವಳ ಮಂಚದ ಪಕ್ಕ ಕೂತೆ. ತೊಟ್ಟಿಲಲ್ಲಿ ಮಗು ಅಳುತ್ತಿತ್ತು. ನನಗೆ ಸರಿಯಾಗಿ ಗೊತ್ತಿರುವುದು ಒಂದೇ ವಿಷಯ, ಅದನ್ನೇ ಹೇಳಿದೆ.

"ಚಿಟ್ಟೆ ಏನೂ ತಿನ್ನಲ್ಲ ಕಣೆ, ತಿನ್ನಕ್ ಬಾಯೇ ನೆಟ್ಗಿರಲ್ಲ ಅದ್ಕೆ. ಮೊಟ್ಟೆ ಇಕ್ತದೆ, ಸತ್ತೋಯ್ತದೆ. ಮರಿ ಮುಖ ನೋಡಲ್ಲ, ಹಾಲ್ ಕೊಡಲ್ಲ. ನೀನ್ ಚಿಟ್ಟೆ ಅಲ್ಲ. ನಾನ್ ಹೇಳಿದ್ದು ತಪ್ಪು."

ಅವಳು ಈಚೆ ತಿರುಗಿ ನನ್ನನ್ನು ನೋಡಿದಳು.

"ನಾನ್ ಚಿಟ್ಟೆ ಅಲ್ಲ ಅಂತ ಗೊತ್ತಾಗಕ್ಕೆ ನಿಮ್ಗೆ ನಾಕ್ ತಿಂಗ್ಳು ಬೇಕಾಯ್ತಾ?" ಎಂದಳು. ಆಮೇಲೆ ಕೈ ಚಾಚಿದಳು. "ಕೊಡಿ ಇತ್ಲಾಗೆ ಮಗೀನ."